ಹೆಪ್ಪಿನ ಪರವಾನಿಗೆ

ಜಗತ್ತಿನ ಅತ್ಯಂತ ಚಿಕ್ಕ ತಂತ್ರಾಂಶ ಪರವಾನಿಗೆಯನ್ನು ಬರೆದವನು ನಾನು. ಇಂಡಿ ಊರಿನ ಬಸ್ ನಿಲ್ದಾಣದ ಎದುರಿನ ಇದೇ ಚಹಾದಂಗಡಿಯಲ್ಲಿ, ಇದೇ ಮರದ ಬಾಕಿನ ಮೇಲೆ ಕೂತು ಬರೆದೆ. ಅದನ್ನು ಓದಿದ ಪರದೇಶದ ವಕೀಲರು ತಮ್ಮ ದಪ್ಪ ಪುಸ್ತಕಗಳನ್ನು ರದ್ದಿಗೆ ಹಾಕಿ ಬೇರೆ ಉದ್ಯೋಗ ಹುಡುಕಿಕೊಂಡರು. ಇದು ಶುದ್ಧ ಸುಳ್ಳು. ಬರೆದವಳು ನಮ್ಮ ಓಣಿಯ ಮುಬಿನ. ನಾನು ಆ ಹೊತ್ತಿನಲ್ಲಿ ಚಹಾ ಕುಡಿಯುತ್ತಿದ್ದೆ. ಆದರೆ ಇನ್ನು ಮುಂದೆ ಹೇಳುವುದೆಲ್ಲ ಸತ್ಯ. ಸತ್ಯ ಅಲ್ಲದಿದ್ದರೂ ಸತ್ಯದ ಪಕ್ಕದ ಮನೆಯದು.

ನಮ್ಮ ಓಣಿಗೆ ನಳದ ನೀರಿನ ವ್ಯವಸ್ಥೆ ಇದೆ. ನೀರು ಯಾವಾಗ ಬರುತ್ತದೆ ಎಂಬುದು ಬಂದ ಮೇಲೆ ತಿಳಿಯುತ್ತದೆ. ವಾಲ್ ತಿರುವುವ ಪರಪ್ಪನಿಗೆ ಒಂದು ಪದ್ಧತಿಯಿದೆ: ಓಣಿಯಲ್ಲಿ ಕೊಡಗಳು ಸಾಲುಗಟ್ಟಿದ್ದು ಕಂಡರೆ, "ಓ, ಹೊತ್ತಾತು" ಎಂದು ವಾಲ್ ತಿರುವುತ್ತಾನೆ. ಓಣಿಯವರಿಗೂ ಒಂದು ಪದ್ಧತಿಯಿದೆ: ಪರಪ್ಪ ವಾಲ್ ತಿರುವಿದ ಮೇಲೆಯೇ ಕೊಡ ಸಾಲು ಹಚ್ಚುತ್ತಾರೆ. ಎರಡೂ ಪದ್ಧತಿಗಳು ಹಿರಿಯರ ಕಾಲದಿಂದ ನಡೆದುಬಂದಿದ್ದು, ಇವುಗಳ ನಡುವೆ ನೀರು ಹೇಗೋ ಬರುತ್ತಿತ್ತು.

ಮುಬಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ. ಮನೆಯಲ್ಲಿ ಅವಳು ಮತ್ತು ಅವಳ ತಾಯಿಯ ತಾಯಿ, ನಾನಿ ಜೋಹರಾಬಿ. ನೀರು ಬಂದಾಗಲೆಲ್ಲ ಮುಬಿನ ಕ್ಲಾಸಿನಲ್ಲೇ ಇರುತ್ತಿದ್ದಳು. ಜೋಹರಾಬಿ ನಳದ ಮುಂದೆ ಇಡೀ ದಿನ ಕೂತು ಬೆನ್ನು ನೋಯಿಸಿಕೊಳ್ಳುವುದನ್ನು ನೋಡಲಾರದೆ ಅವಳು 'ನಳ ಬಂತು' ಎಂಬ ಆ್ಯಪ್ ಬರೆದಳು. ನೀರನ್ನು ಮೊದಲು ಕಂಡವರು ಗುಂಡಿ ಒತ್ತಬೇಕು, ಓಣಿಯ ಎಲ್ಲ ಫೋನುಗಳೂ ಒಮ್ಮೆಲೆ ಕೂಗುತ್ತವೆ. ಕೂಗುವ ಧ್ವನಿ ಜೋಹರಾಬಿಯದು. ಆ ಧ್ವನಿಯ ಖ್ಯಾತಿ ಏನೆಂದರೆ, ಆಕೆ ಇಲ್ಲಿ ಕೂಗಿದರೆ ತಾಳಿಕೋಟೆಯ ಬಸ್ಸು ಅಲ್ಲೇ ನಿಂತು ಹಿಂದಕ್ಕೆ ಬರುತ್ತಿತ್ತು.

ಧ್ವನಿ ಮುದ್ರಿಸುವ ದಿನ ಜೋಹರಾಬಿ ಫೋನನ್ನು ಬಾಯಿಯ ಮುಂದೆ ಹಿಡಿದು, "ನೀರ ಬಂತು! ಏಳ್ರಿ, ಕೊಡ ಹಚ್ಚರಿ!" ಎಂದಳು. ಅಷ್ಟರಲ್ಲಿ ಎದುರುಮನೆಯ ಗುಂಡವ್ವನ ಆಡು ಒಳಗೆ ಬಂದು ಜೋಳದ ಹಿಟ್ಟಿನ ಡಬ್ಬಿಗೆ ಮುಖ ಹಾಕಿತು. ಹೀಗಾಗಿ ಧ್ವನಿಯ ಉತ್ತರಾರ್ಧ, "ಏ ಗುಂಡವ್ವಾ, ನಿನ್ನ ಆಡು ಕಟ್ಟಬೇ, ಸುಡುಗಾಡ ಆಡು!" ಎಂದಾಯಿತು. ಆ ಭಾಗವನ್ನು ಮುಂದಿನ ಆವೃತ್ತಿಯಲ್ಲಿ ತೆಗೆದರಾಯಿತು ಎಂದು ಮುಬಿನ ಬಿಟ್ಟಳು. ತಂತ್ರಾಂಶದ ಲೋಕದಲ್ಲಿ ಮುಂದಿನ ಆವೃತ್ತಿ ಎಂಬುದೂ ನಮ್ಮ ನಳದ ನೀರೂ ಒಂದೇ ಇಲಾಖೆಗೆ ಸೇರಿದವು.

ಸಿಂದಗಿಯ ಸಾಲಿ ಮಾಸ್ತರ ಪ್ರೇಮಕುಮಾರ ಬೀಗರ ಮನೆಗೆ ಬಂದವನು ಈ ಕೂಗು ಕೇಳಿ ಎದ್ದುಬಿದ್ದು ಮುಬಿನಳ ಬಾಗಿಲಿಗೆ ಬಂದ.

"ಅಕ್ಕಾರ, ಇದನ್ನ ನಮ್ಮ ಊರಿಗೆ ಒಯ್ಯಲೇನ್ರಿ?"

"ಒಯ್ಯಿರಿ. ಬೇಕಾದಂಗ ತಿದ್ದಿಕೊಳ್ರಿ."

"ಹಂಗ ಒಯ್ಯಾಕ ಬರೂದಿಲ್ರಿ. ಪರವಾನಿಗಿ ಬೇಕು. ಜಗತ್ತಿನಾಗ ಇಂಥಾವು ನೂರಾರು ನಮೂನಿ ಅದಾವ. ನಿಮ್ಮದು ಯಾವುದ್ರಿ?"

ಮುಬಿನ ಆ ನೂರಾರು ನಮೂನೆಗಳನ್ನು ತೆರೆದು ನೋಡಿದಳು. ಮೊದಲನೆಯದರ ಮೊದಲ ಪುಟ ಮುಗಿಯುವಷ್ಟರಲ್ಲಿ ಮಾಸ್ತರನ ಚಹಾ ಆರಿತು. ಜೋಹರಾಬಿ, "ಅವಂಗೇನ ಬೇಕಂತ?" ಎಂದು ಕೇಳಿದಳು. ಮುಬಿನ ವಿವರಿಸಿದಳು: ಕೇಳಿದವರಿಗೆ ಇಲ್ಲ ಅನ್ನದೆ ಕೊಡಬೇಕು, ಒಯ್ದವರು ತಮ್ಮದಾಗಿಸಿಕೊಳ್ಳಬೇಕು, ಆದರೆ ಮುಂದೆ ಕೇಳಿದವರಿಗೆ ಅವರೂ ಇಲ್ಲ ಅನ್ನಬಾರದು.

"ಹೆಪ್ಪು ಕೊಟ್ಟಂಗ ಕೊಟ್ಟು ಬಿಡು," ಎಂದಳು ಜೋಹರಾಬಿ. "ಅದಕ್ಕ್ಯಾಕ ಇಷ್ಟ ಓದಾಕತ್ತಿ?"

ನಮ್ಮ ಓಣಿಯಲ್ಲಿ ಹೆಪ್ಪು ಕೇಳಿದವರಿಗೆ ಒಂದು ಚಮಚ ಮೊಸರು ಕೊಡುತ್ತಾರೆ. ಅವರು ತಮ್ಮ ಹಾಲಿಗೆ ಹಾಕಿ ತಮ್ಮ ಮೊಸರು ಮಾಡಿಕೊಳ್ಳುತ್ತಾರೆ. ನಾಳೆ ಕೊಟ್ಟವರ ಗಡಿಗೆ ಖಾಲಿಯಾದರೆ ಒಯ್ದವರ ಮನೆಗೆ ಬಟ್ಟಲು ಹಿಡಿದು ಹೋಗುತ್ತಾರೆ. ಗುಂಡವ್ವನ ಮೊಸರಿನಲ್ಲಿ ಜೋಹರಾಬಿಯ ಮೊಸರಿದೆ, ಜೋಹರಾಬಿಯದರಲ್ಲಿ ಗುಂಡವ್ವನದಿದೆ, ಮೊದಲು ಯಾರದಿತ್ತು ಎಂಬುದಕ್ಕೆ ಸಾಕ್ಷಿ ಹೇಳುವ ದನ ಸತ್ತು ಯಾವ ಕಾಲವಾಯಿತೋ. ಮುಬಿನಳಿಗೆ ಮಾತು ಹಿಡಿಸಿತು. ಆ್ಯಪಿನ ಕೋಡಿನ, ಅಂದರೆ ಮೂಲ ಬರಹದ, ನೆತ್ತಿಯ ಮೇಲೆ ಹೀಗೆ ಬರೆದಳು: "ಇದನ್ನು ಹೆಪ್ಪು ಕೊಟ್ಟಂತೆ ಕೊಡಲಾಗಿದೆ. ಹೆಪ್ಪಿನ ನಡಾವಳಿಯೇ ಇದರ ನಡಾವಳಿ."

ಇದೇ ಆ ಚಿಕ್ಕ ಪರವಾನಿಗೆ. ಮಾಸ್ತರ ಖುಷಿಯಿಂದ ಒಯ್ದ.

ಸಿಂದಗಿಯಲ್ಲಿ ಪ್ರೇಮಕುಮಾರ ಒಂದು ಸುಧಾರಣೆ ಮಾಡಿದ. ನೀರು ಬಂದಾಗ ಫೋನು ಕೂಗುವುದರ ಜೊತೆಗೆ ಅದರ ಟಾರ್ಚು ಪಕ್ ಪಕ್ ಎಂದು ಹೊಳೆಯತೊಡಗಿತು. ಹಿಟ್ಟಿನ ಗಿರಣಿಯಲ್ಲಿದ್ದವರಿಗೂ, ಮದುವೆಯ ಬ್ಯಾಂಡಿನಲ್ಲಿದ್ದವರಿಗೂ ಇದರಿಂದ ಅನುಕೂಲವಾಯಿತು. ಸಿಂದಗಿಯಿಂದ ಅದು ಬಸವನ ಬಾಗೇವಾಡಿಗೆ ಹೋಯಿತು, ಮುದ್ದೇಬಿಹಾಳಕ್ಕೂ ಹೋಯಿತು. ಹೀಗೆ ನಾಲ್ಕು ಊರುಗಳಲ್ಲಿ ನೀರು ಬಂದಾಗಲೆಲ್ಲ ಗುಂಡವ್ವನ ಆಡಿಗೆ ಬೈಗುಳ ಬೀಳುತ್ತಿತ್ತು.

ಈ ನಡುವೆ ಜೋಹರಾಬಿಯ ಕಿವಿ ಮಂದವಾಯಿತು. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ನಾಲ್ಕು ಊರನ್ನು ಎಬ್ಬಿಸುವ ಧ್ವನಿಗೆ ಅದರ ಒಡತಿಯನ್ನು ಎಬ್ಬಿಸಲಾಗಲಿಲ್ಲ. ಒಂದು ದಿನ ಆಕೆ ನಳಕ್ಕೆ ಬೆನ್ನು ಮಾಡಿ ಅಕ್ಕಿಯ ಹರಳು ಆರಿಸುತ್ತ ಕೂತಿದ್ದಾಗ ಬಗಲಲ್ಲೇ ಫೋನು ಕೂಗಿತು, ನೀರು ಬಂತು, ನೀರು ಹೋಯಿತು. ಸಂಜೆ ಮುಬಿನ ಬಂದಾಗ ಕೊಡಗಳೆಲ್ಲ ಒಣಗಿದ್ದವು.

"ಇವತ್ತ ನೀರ ಬರಲಿಲ್ಲಬೇ," ಎಂದಳು ಜೋಹರಾಬಿ.

ಎದುರಿಗೆ ಗುಂಡವ್ವನ ಅಂಗಳ ತೊಯ್ದು ತಪತಪ ಅನ್ನುತ್ತಿತ್ತು. ಮುಬಿನ ಅದನ್ನು ನೋಡಿದಳು, ನಾನಿಯನ್ನು ನೋಡಿದಳು. "ಹೌದು ನಾನಿ, ಬಂದಿಲ್ಲ," ಎಂದಳು.

ಗುಂಡವ್ವ ಕರುಣೆಯ ಹೆಂಗಸು. "ಯಕ್ಕಾ, ನಿನ್ನ ಕೊಡಾ ನಾ ತುಂಬಿ ಇಡ್ತೇನಿ ತಗೊ," ಎಂದು ಮರುದಿನ ಕೈಸನ್ನೆ ಮಾಡಿ ಹೇಳಿದಳು. ಜೋಹರಾಬಿ ಸೊಂಟಕ್ಕೆ ಕೈಯಿಟ್ಟಳು. "ನಾ ಏನ ಹಾಸಿಗಿ ಹಿಡದೀನೇನ? ನನ್ನ ನೀರ ನಾ ಹಿಡೀತೀನಿ. ನೀ ನಿನ್ನ ಆಡು ಹಿಡಿ."

ಕೂಗು ಕೇಳದಿದ್ದರೂ ಬೆಳಕು ಕಂಡೀತು, ಹೊಳೆದರೆ ನೀರು ಬಂತೆಂದು ತಿಳಿ ಎಂದು ನಾನಿಗೆ ಹೇಳಿ ಮುಬಿನ ತಾನೇ ಟಾರ್ಚಿನ ಕೆಲಸಕ್ಕೆ ಕೈ ಹಾಕಿದಳು. ನಾನಿಯ ಹಳೆಯ ಫೋನಿನಲ್ಲಿ ಟಾರ್ಚು ಹತ್ತಿತು, ಆದರೆ ಆರಲಿಲ್ಲ. ಮಧ್ಯಾಹ್ನದೊಳಗೆ ಬ್ಯಾಟರಿ ಸತ್ತು ಫೋನು ಕಲ್ಲಾಯಿತು. ಅಂಥದೇ ಹಳೆಯ ಫೋನುಗಳಲ್ಲಿ ಪ್ರೇಮಕುಮಾರನ ಟಾರ್ಚು ಹತ್ತಿ ಆರುವುದು ಅವಳಿಗೆ ಗೊತ್ತಿತ್ತು. ಫೋನು ಮಾಡಿದಳು.

"ಮಾಸ್ತರ, ನಿಮ್ಮ ಟಾರ್ಚಿನ ಕೋಡ್ ಒಂದೀಟ ಕಳಸ್ರಿ."

"ಅಯ್ಯ, ನಿಮ್ಮದ ಐತಲ್ರಿ ಅಕ್ಕಾರ! ಈಗ ಕಳಸ್ತಿದ್ದೆ," ಎಂದ ಪ್ರೇಮಕುಮಾರ. ಆಮೇಲೆ ಸ್ವಲ್ಪ ಕೆಮ್ಮಿದ. "ಆದ್ರ ಸಮಿತಿ ಆಗೇತ್ರಿ."

"ಯಾ ಸಮಿತಿ?"

"ಇದು ಎಂದಿಗೂ ಎಲ್ಲಾರಿಗೂ ಮುಕ್ತ ಇರಬೇಕಂತ ನೋಡ್ಕೊಳ್ಳೂ ಸಮಿತಿ. ಅದಕ್ಕ ಕೊಡಾಕ ಬರೂದಿಲ್ರಿ."

ಸಮಿತಿಯ ಅಧ್ಯಕ್ಷರು ಸಿಂದಗಿಯ ಸಿದ್ದರಾಯರು. ಅವರು ಯಾವುದೋ ಕಚೇರಿಯಲ್ಲಿ ಮೇಲ್ವಿಚಾರಕರಾಗಿದ್ದು, ನಿವೃತ್ತಿಯ ನಂತರ ಮನೆಯಲ್ಲಿ ನಿಯಮಗಳ ಕೊರತೆ ಅನುಭವಿಸುತ್ತಿದ್ದರು. ಮುಕ್ತವಾದ ವಸ್ತುವೊಂದು ಯಾರ ಉಸ್ತುವಾರಿಯೂ ಇಲ್ಲದೆ ಊರಿಂದ ಊರಿಗೆ ಓಡಾಡುತ್ತಿದೆ ಎಂಬ ಸುದ್ದಿ ಅವರನ್ನು ನಿದ್ದೆಗೆಡಿಸಿತು. ಅವರು ಹೊರಡಿಸಿದ ಪ್ರಕಟಣೆ ಹೀಗಿತ್ತು:

"ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, 'ನಳ ಬಂತು' ತಂತ್ರಾಂಶವು ಸಂಪೂರ್ಣವಾಗಿ ಮುಕ್ತವಾಗಿದ್ದು, ಮೂಲ ಬರಹವನ್ನು ಕಾಗದದ ಮೇಲೆ ಮುದ್ರಿಸಿ ಸಮಿತಿಯ ಕಪಾಟಿನಲ್ಲಿ ಎಲ್ಲರಿಗಾಗಿ ಇಡಲಾಗಿದೆ. ಪರವಾನಿಗೆಯ ಪ್ರಕಾರ ಹೆಪ್ಪಿನ ನಡಾವಳಿ ಅನ್ವಯವಾಗುವುದರಿಂದ, ದೀಪ ಹಚ್ಚಿದ ನಂತರ ಬರಹವನ್ನು ಕೊಡತಕ್ಕದ್ದಲ್ಲ. ಮಂಗಳವಾರ ಮತ್ತು ಶುಕ್ರವಾರ ಮನೆಯಿಂದ ಹೆಪ್ಪು ಹೊರಗೆ ಹೋಗಬಾರದ್ದರಿಂದ ಅಂದು ಕೊಡತಕ್ಕದ್ದಲ್ಲ. ಕೇಳಲು ಬರುವವರು ತಮ್ಮ ಸ್ವಂತ ಬಟ್ಟಲನ್ನು ತರತಕ್ಕದ್ದು. ಬಟ್ಟಲಿಗೆ ಮುಚ್ಚಳ ಇರತಕ್ಕದ್ದು. ಫೋನಿನ ಮೂಲಕ ಹೆಪ್ಪು ಕೊಟ್ಟ ಪೂರ್ವನಿದರ್ಶನ ಇಲ್ಲವಾದ್ದರಿಂದ ಫೋನಿನ ಮೂಲಕ ಕೊಡತಕ್ಕದ್ದಲ್ಲ. ದೇಣಿಗೆ ಐಚ್ಛಿಕ, ಪಾವತಿ ಕಡ್ಡಾಯ."

ಮುಬಿನ ಇದನ್ನು ಓದಿ ನಕ್ಕಳು. ಗುಂಡವ್ವನಿಗೆ ಓದಿ ಹೇಳಿದಾಗ ಗುಂಡವ್ವ ನಗಲಿಲ್ಲ. "ದೀಪಾ ಹಚ್ಚಿದ ಮ್ಯಾಲ ಹೆಪ್ಪು ಯಾರ ಕೊಡ್ತಾರ? ಖರೇನ ಐತಲ್ಲ," ಎಂದಳು. ಜೋಹರಾಬಿಯ ಕಿವಿಯಲ್ಲಿ ಕೂಗಿ ಹೇಳಿದಾಗ ಆಕೆಯೂ, "ನಾವೂ ಕೊಡೂದಿಲ್ಲಲ್ಲ," ಎಂದಳು. ಇಡೀ ಓಣಿಯಲ್ಲಿ ನಕ್ಕವಳು ತಾನೊಬ್ಬಳೇ ಎಂದು ತಿಳಿದಾಗ ಮುಬಿನಳಿಗೆ ಮೊದಲ ಬಾರಿಗೆ ಸಣ್ಣಗೆ ಹೆದರಿಕೆಯಾಯಿತು.

ಬುಧವಾರ ರಜೆ ಹಾಕಿ ಸಿಂದಗಿಗೆ ಹೋದಳು. ನಾನಿಯ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡಿದ್ದಳು. ಬಸ್ಸಿನಲ್ಲಿ ಪಕ್ಕದವಳು, "ಉಪ್ಪಿನಕಾಯೇನಬೇ?" ಎಂದು ಕೇಳಿದಾಗ ಹೌದು ಎನ್ನುವುದೇ ಸುಲಭವೆನಿಸಿತು.

ಸಿದ್ದರಾಯರು ಎದ್ದು ನಿಂತು ಸ್ವಾಗತಿಸಿದರು. ಹಿಂದೆ ಬೂದು ಬಣ್ಣದ ಕಪಾಟು, ಅದಕ್ಕೆ ಜಡಿದ ಮುಷ್ಟಿಗಾತ್ರದ ಕೀಲಿ.

"ಬರ್ರಿ ಅಕ್ಕಾರ. ನಿಮ್ಮಂಥಾ ತ್ಯಾಗಿಗಳಿಂದನ ಇದು ಮುಕ್ತ ಉಳದೈತಿ. ನೋಡ್ರಿ, ಬರಹ ಇಲ್ಲೇ ಐತಿ, ಎಲ್ಲಾರಿಗೂ ತೆರದೈತಿ."

"ಕೀಲಿ ಹಾಕೇತಲ್ರಿ ಸಾಹೇಬ್ರ?"

"ಕೀಲಿ ಕಪಾಟಿಗೈತ್ರಿ. ಬರಹಕ್ಕ ಯಾವ ಕೀಲಿನೂ ಇಲ್ಲ."

ಅವರು ಡಬ್ಬಿಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ಮುಚ್ಚಳ ತಿರುವಿ ನೋಡಿದರು. ಪೆನ್‌ಡ್ರೈವನ್ನೂ ನೋಡಿದರು.

"ತೊಳದೀರಿ?"

"ಯಾವುದನ್ನ?"

"ಎರಡೂ."

"ಡಬ್ಬಿ ತೊಳದೀನ್ರಿ."

"ಇರಲಿ," ಎಂದು ಸಿದ್ದರಾಯರು ದೊಡ್ಡ ಮನಸ್ಸು ಮಾಡಿದರು. "ಆದ್ರ ಒಂದು ತಕರಾರ ಐತ್ರಿ. ನೀವು ಕೊಟ್ಟಾವ್ರು. ಕೊಟ್ಟಾವ್ರು ತಿರುಗಿ ಕೇಳಿದ್ರ ಅದು ಹೆಪ್ಪು ಹ್ಯಾಂಗಾದೀತು? ಸಾಲ ಆತಲ್ರಿ, ಉದ್ರಿ."

"ನಮ್ಮ ಗಡಿಗಿ ಕೆಟ್ಟಾಗ ನಾವೂ ನಿಮ್ಮ ಮನಿಗೆ ಬರ್ತೇವಲ್ರಿ? ಅದೂ ನಡಾವಳಿನ."

ಸಿದ್ದರಾಯರ ಕಣ್ಣುಗಳು ಬೆಳಗಿದವು. ಇಂಥ ವಾದ ಕೇಳಿ ಅವರಿಗೆ ಬಹಳ ದಿನವಾಗಿತ್ತು. "ಬರೋಬ್ಬರಿ ಅಂದ್ರಿ! ಹಂಗಾದ್ರ ನಿಮ್ಮದು ಕೆಟ್ಟೈತೇನು?"

"ಆ್ಯಪ್ ಕೆಟ್ಟಿಲ್ರಿ. ನಮ್ಮ ನಾನಿ ಕಿವಿ ಕೆಟ್ಟಾವ."

"ಕಿವಿ ಹೆಪ್ಪಿನೊಳಗ ಬರೂದಿಲ್ಲ," ಎಂದು ಸಿದ್ದರಾಯರು ನಿಜವಾದ ದುಃಖದಿಂದ ಹೇಳಿದರು. ಮೂಲೆಯಲ್ಲಿ ಕೂತಿದ್ದ ಪ್ರೇಮಕುಮಾರ ತನ್ನ ಚಪ್ಪಲಿಗಳನ್ನು ಪರಿಶೀಲಿಸುತ್ತಿದ್ದ. "ಇದು ಅಕ್ಷರದ ಪ್ರಶ್ನಿ ಅಲ್ರಿ ಅಕ್ಕಾರ, ಪರವಾನಿಗಿ ಆತ್ಮದ ಪ್ರಶ್ನಿ. ಆತ್ಮದ ಅಧಿಕಾರ ನನಗಿಲ್ಲ. ಬಾಗೇವಾಡ್ಯಾಗ ನಾಕೂ ಊರಿನ ಮಹಾಸಭಾ ಐತಿ. ನಿಮ್ಮ ನಾನಿನ್ನೂ ಕರಕೊಂಡ ಬರ್ರಿ. ಊಟದ ವ್ಯವಸ್ಥಾ ಐತಿ."

ಬಸವನ ಬಾಗೇವಾಡಿಯ ಮಂಗಲ ಕಾರ್ಯಾಲಯವೊಂದರಲ್ಲಿ ಮಹಾಸಭೆ ಸೇರಿತು. ಬಿರುಬೇಸಿಗೆ. ಹಿಂದಿನ ದಿನದ ಮದುವೆಯ ಅಕ್ಷತೆ ಇನ್ನೂ ಕಾಲಿಗೆ ಅಂಟುತ್ತಿತ್ತು. ಮುಬಿನ, ಜೋಹರಾಬಿ ಮತ್ತು ಗುಂಡವ್ವ ಎರಡನೆಯ ಸಾಲಿನಲ್ಲಿ ಕೂತರು. ಗುಂಡವ್ವ ಯಾಕೆ ಬಂದಳೆಂದರೆ, ತನ್ನ ಆಡಿನ ಮಾನದ ಪ್ರಶ್ನೆ ಬಂದರೆ ಅಲ್ಲಿ ಯಾರಾದರೂ ಇರಬೇಕು.

ಸಭೆ ಬೇಗನೆ ಎರಡು ಪಕ್ಷವಾಯಿತು. ಅಕ್ಷರ ಪಕ್ಷದವರು, ನಡಾವಳಿ ಎಂದು ಬರೆದ ಮೇಲೆ ದೀಪ, ವಾರ, ಮುಚ್ಚಳ ಎಲ್ಲವೂ ಬಂದೇ ಬಂದವು ಎಂದರು. ಆತ್ಮ ಪಕ್ಷದವರು, ಬರೆದದ್ದಕ್ಕಿಂತ ಬರೆದವರ ಮನಸ್ಸು ಮುಖ್ಯ ಎಂದರು. ಬರೆದವಳು ಇಲ್ಲೇ ಕೂತಿದ್ದಾಳೆ, ಅವಳನ್ನೇ ಕೇಳಬಹುದಲ್ಲ ಎಂದು ಹಿಂದಿನಿಂದ ಯಾರೋ ಅಂದರು. ಪಕ್ಷಪಾತವಾಗುತ್ತದೆ ಎಂಬ ಕಾರಣಕ್ಕೆ ಎರಡೂ ಪಕ್ಷದವರು ಅದನ್ನು ಒಮ್ಮತದಿಂದ ತಿರಸ್ಕರಿಸಿದರು. ಸಭೆಯ ಮೊದಲ ಒಮ್ಮತ ಅದು. ಚಪ್ಪಾಳೆ ಬಿತ್ತು.

ಆಗ ಮುದ್ದೇಬಿಹಾಳದ ದುಂಡೇಶ ಎದ್ದ. ಮೊಬೈಲ್ ಅಂಗಡಿಯವನು, ಅಂಗಿಯ ಕಿಸೆಯಲ್ಲಿ ಮೂರು ಫೋನು. ಅವನ ಊರಿನಲ್ಲಿ ಆ್ಯಪ್ 'ಗಂಗಾಗಮನ' ಎಂಬ ಹೆಸರಿನಲ್ಲಿ ನಡೆಯುತ್ತಿತ್ತು.

"ನಮಗ ಈ ಸಮಿತಿ ಸಂಬಂಧ ಇಲ್ರಿ. ನಾವು ಯಾರ ಮನಿ ಹೆಪ್ಪೂ ಒಯ್ದಿಲ್ಲ. ಹಸಿ ಮೆಣಸಿನಕಾಯಿ ತೊಟ್ಟ ಹಾಕಿದ್ರೂ ಹಾಲು ಹೆಪ್ಪ ಆಗತೈತಿ, ನಿಮಗೆಲ್ಲಾ ಗೊತ್ತೈತಿ. ಗಂಗಾಗಮನ ಮೆಣಸಿನಕಾಯಿ ಹೆಪ್ಪು. ಸ್ವತಂತ್ರ."

ಸಭೆ ಬೆಚ್ಚಿತು. ವಾದದಲ್ಲಿ ಹುರುಳಿತ್ತು, ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ಸಲ ತೊಟ್ಟು ಹಾಕಿ ಮೊಸರು ಮಾಡಿದ್ದರು. ಗುಂಡವ್ವ ಸೆರಗು ಸಿಕ್ಕಿಸಿ ಎದ್ದು ನಿಂತಳು.

"ತಮ್ಮಾ, ಹಚ್ಚು ನೋಡೋಣು ನಿನ್ನ ಗಂಗವ್ವನ."

ದುಂಡೇಶ ಹಿಂದೆಮುಂದೆ ನೋಡಿ ಗುಂಡಿ ಒತ್ತಿದ. ಕಾರ್ಯಾಲಯ ನಡುಗುವಂತೆ ಕೂಗು ಎದ್ದಿತು: "ನೀರ ಬಂತು! ಏಳ್ರಿ, ಕೊಡ ಹಚ್ಚರಿ! ಏ ಗುಂಡವ್ವಾ, ನಿನ್ನ ಆಡು ಕಟ್ಟಬೇ, ಸುಡುಗಾಡ ಆಡು!"

"ಇದು ನನ್ನ ಆಡಲ್ಲೇನ?" ಎಂದಳು ಗುಂಡವ್ವ.

"ನಮ್ಮ ಊರಾಗೂ ಒಬ್ಬಾಕಿ ಗುಂಡವ್ವ ಅದಾಳ್ರಿ," ಎಂದ ದುಂಡೇಶ.

"ಆಡು?"

"ಆಡೂ ಐತ್ರಿ. ಆಕಿನೂ ಕಟ್ಟೂದಿಲ್ರಿ."

"ಮತ್ತ ಬೈಯ್ಯಾಕಿ?"

"ಮುದುಕ್ಯಾರ ಧ್ವನಿ ಎಲ್ಲಾ ಊರಾಗೂ ಒಂದ ನಮೂನಿ ಇರ್ತಾವ್ರಿ ಯಕ್ಕಾ. ಅದು ಕಾಕತಾಳೀಯ."

ಎಲ್ಲರೂ ತನ್ನತ್ತ ತಿರುಗಿದ್ದು ಕಂಡು ಜೋಹರಾಬಿ ಮೊಮ್ಮಗಳ ತೋಳು ಜಗ್ಗಿದಳು. "ಏನಂತಾರ?"

ಮುಬಿನ ಕಿವಿಗೆ ಬಾಯಿ ಹಚ್ಚಿ, "ನಿನ್ನ ಧ್ವನಿ ಹಚ್ಯಾರ ನಾನಿ, ಫೋನಿನ್ಯಾಗ!" ಎಂದು ಕೂಗಿದಳು.

ಜೋಹರಾಬಿ ದುಂಡೇಶನ ಕೈಯಲ್ಲಿದ್ದ ಫೋನನ್ನು ಬಹಳ ಹೊತ್ತು ನೋಡಿದಳು. "ನನಗ್ಯಾಕ ಕೇಳವಲ್ದು?" ಎಂದಳು.

ಮುಬಿನ ಎದ್ದು ನಿಂತಳು. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ ವಾದವನ್ನೆಲ್ಲ ಬದಿಗಿಟ್ಟಳು. "ನಾ ಇದಕ್ಕ ಬಂದೀನ್ರಿ," ಎಂದಳು ಅಷ್ಟೇ. "ಆಕಿಗೆ ಕಾಣಬೇಕ್ರಿ ನೀರ ಬಂದಿದ್ದು. ಆ ಟಾರ್ಚು ಕೊಡ್ರಿ."

ಸಿದ್ದರಾಯರು ಕನ್ನಡಕ ಒರೆಸಿಕೊಂಡರು. "ಸಭಾದ ಕಣ್ಣಾಗ ನೀರ ಬಂದಾವ," ಎಂದು ಸಭೆಯ ನಡಾವಳಿ ಪುಸ್ತಕ ಬರೆಯುತ್ತಿದ್ದ ಪ್ರೇಮಕುಮಾರನಿಗೆ ಹೇಳಿದರು. "ಬರೀಬ್ಯಾಡ್ರಿ, ಅದಕ್ಕ ಕಾಲಂ ಇಲ್ಲ. ಮೊದಲು ಮೆಣಸಿನಕಾಯಿ ಇತ್ಯರ್ಥ ಆಗ್ಲಿ."

ಇತ್ಯರ್ಥಕ್ಕಾಗಿ ಪ್ರಯೋಗ ನಡೆಸುವುದೆಂದು ಠರಾವಾಯಿತು. ಅಡುಗೆಯವರಿಂದ ಉಗುರುಬೆಚ್ಚಗಿನ ಹಾಲು ತರಿಸಿ ಎರಡು ಪಾತೇಲಿಗಳಲ್ಲಿ ವೇದಿಕೆಯ ಮೇಲಿಟ್ಟರು. ಒಂದಕ್ಕೆ ಹೆಪ್ಪು, ಇನ್ನೊಂದಕ್ಕೆ ಮೆಣಸಿನಕಾಯಿ ತೊಟ್ಟು. ಎರಡರ ರುಚಿಯಲ್ಲಿ ಭೇದ ಕಂಡರೆ ಮುದ್ದೇಬಿಹಾಳ ಸ್ವತಂತ್ರ, ಕಾಣದಿದ್ದರೆ ಸಮಿತಿಯ ಅಧೀನ. ಹೆಪ್ಪಾಗುವವರೆಗೆ ಯಾರೂ ಅಲುಗಾಡಬಾರದು ಎಂದು ಅಧ್ಯಕ್ಷರು ಆಜ್ಞೆ ಮಾಡಿದರು. ನಾಲ್ಕು ಊರಿನ ಜನ ಕೈಕಟ್ಟಿ ಹಾಲು ನೋಡುತ್ತ ಕೂತರು. ತಂತ್ರಾಂಶದ ಇತಿಹಾಸದಲ್ಲಿ ಇಷ್ಟು ಗಮನವಿಟ್ಟು ಪರೀಕ್ಷೆ ಎಲ್ಲೂ ನಡೆದಿಲ್ಲ. ಇದನ್ನು ಮಾತ್ರ ನಾನು ಕಣ್ಣಾರೆ ಕಂಡವರಿಂದ ಕೇಳಿದ್ದೇನೆ. ಅವರು ಬೇರೆಯವರಿಂದ ಕೇಳಿದ್ದರು.

ಊಟದ ಹೊತ್ತು ಮೀರಿತು. ಕೆಲವರು ಕೂತಲ್ಲೇ ತೂಕಡಿಸಿದರು. ಇದ್ದಕ್ಕಿದ್ದಂತೆ ಸಿಂದಗಿಯವರು ಕೂತಿದ್ದ ಭಾಗದಲ್ಲಿ ಫೋನುಗಳು ಕೂಗಿ, ಟಾರ್ಚುಗಳು ಪಕ್ ಪಕ್ ಎಂದು ಹೊಳೆಯತೊಡಗಿದವು. ಕಿಸೆಯೊಳಗಿಂದ, ಪರ್ಸಿನೊಳಗಿಂದ, ಸೆರಗಿನ ಗಂಟಿನೊಳಗಿಂದ. ಅವರ ಊರಲ್ಲಿ ನಳ ಬಂದಿತ್ತು.

ಮೊದಲು ಎದ್ದವಳು ಜೋಹರಾಬಿ. "ನೀರ ಬಂತು!" ಎಂದು ಒದರಿ ವೇದಿಕೆಗೆ ಹಾರಿದಳು. ಕಣ್ಣಿಗೆ ಬಿದ್ದ ಪಾತೇಲಿಯಲ್ಲಿ ಹಾಲಿದ್ದುದು ಕಂಡು, ಮನೆಯಲ್ಲಿ ಯಾರಾದರೂ ಮಾಡುವಂತೆ, ಅದನ್ನು ಪಕ್ಕದ ಪಾತೇಲಿಗೆ ಸುರಿದು, ಖಾಲಿ ಪಾತೇಲಿ ಬಗಲಲ್ಲಿ ಹಿಡಿದು ನಳ ಹುಡುಕುತ್ತ ನಿಂತಳು. ಸಿಂದಗಿಯವರು ಬಸ್ಸು ಹಿಡಿಯಲು ಬಾಗಿಲಿಗೆ ಓಡಿ ತಮ್ಮ ಭಾಗವನ್ನು ಖಾಲಿ ಮಾಡಿದರು. ಸಿದ್ದರಾಯರು ಓಡಲಿಲ್ಲ, ಅವರ ಫೋನು ಹಳೆಯ ಗುಂಡಿಗಳದು, ಸಮಿತಿಯ ಆ್ಯಪ್ ಅದರಲ್ಲಿ ಕೂರುವುದಿಲ್ಲ. ಪ್ರೇಮಕುಮಾರನೂ ಓಡಲಿಲ್ಲ, ನಡಾವಳಿ ಅವನ ತೊಡೆಯ ಮೇಲಿತ್ತು.

ಹೆಪ್ಪಿನ ಹಾಲೂ ಮೆಣಸಿನಕಾಯಿ ಹಾಲೂ ಒಂದೇ ಪಾತ್ರೆಯಲ್ಲಿ ಕೂಡಿಹೋಗಿದ್ದವು. ಇಳಿಹೊತ್ತಿಗೆ ಅದು ಚಾಕುವಿನಿಂದ ಕತ್ತರಿಸುವಂಥ ಗಟ್ಟಿ ಮೊಸರಾಯಿತು. ನಡಾವಳಿಯಲ್ಲಿ ಹೀಗೆ ದಾಖಲಾಗಿದೆ: "ಸಾಕ್ಷ್ಯವನ್ನು ಸಭೆಯು ಊಟದೊಂದಿಗೆ ಪರಿಶೀಲಿಸಿತು. ಪರಿಶೀಲನೆಯ ನಂತರ ಸಾಕ್ಷ್ಯ ಉಳಿಯಲಿಲ್ಲ." ದುಂಡೇಶ ಎರಡು ಸಲ ಹಾಕಿಸಿಕೊಂಡು, ಮುದ್ದೇಬಿಹಾಳ ಸ್ವತಂತ್ರವಾಗಿಯೇ ಸಮಿತಿಯ ಅಧೀನದಲ್ಲಿರುತ್ತದೆ ಎಂದು ಒಪ್ಪಿಕೊಂಡ.

ಆಮೇಲೆ ಸಿದ್ದರಾಯರು ಮುಬಿನಳನ್ನು ಕರೆದರು.

"ಅಕ್ಕಾರ, ಟಾರ್ಚು ಕಂಡು ನಿಮ್ಮ ನಾನಿ ಎದ್ದಿದ್ದು ಸಭಾ ನೋಡೇತಿ. ಕೊಡೂದಿಲ್ಲಂದ್ರ ಪಾಪ ಹತ್ತತೈತಿ. ಕೊಟ್ರ ನಿಯಮ ಕೆಡತೈತಿ. ಹಿಂಗಾಗಿ ಒಂದು ಹಾದಿ ತಗದೀನಿ. ನಿಮಗ ಮೊಸರು ಕೊಡಾಕ ಬರತೈತಿ. ಹೆಪ್ಪು ಕೊಡಾಕ ಬರೂದಿಲ್ಲ."

"ಸಾಹೇಬ್ರ, ಮೊಸರ ಹೆಪ್ಪಲ್ಲೇನ್ರಿ?"

"ತಿನ್ನೂತನಕ ಮೊಸರು. ಹಾಲಿಗೆ ಹಾಕಿದ್ರ ಹೆಪ್ಪು. ನೀವು ಹಾಲಿಗೆ ಹಾಕಬಾರದು."

ಹುಟ್ಟಿದಾಗಿನಿಂದ ಮೊಸರು ಹೆಪ್ಪು ಹಾಕುತ್ತ ಬಂದ ಜನ ತುಂಬಿದ ಸಭೆಯದು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಗುಂಡವ್ವ ಮಾತ್ರ, "ಕೈ ತಪ್ಪಿ ಒಂದು ಚಮಚಾ ಹಾಲಾಗ ಬಿದ್ದರ?" ಎಂದು ಕೇಳಿದಳು.

"ಬೀಳಿಸಿದವರ ಮ್ಯಾಲ ಕ್ರಮ," ಎಂದರು ಸಿದ್ದರಾಯರು.

ಹೀಗೆ ಮೂಲ ಬರಹವಿಲ್ಲದ, ತೆರೆಯಲಾಗದ, ತಿದ್ದಲಾಗದ ಸಿಂದಗಿಯ ಆ್ಯಪನ್ನು ಪ್ರೇಮಕುಮಾರ ಜೋಹರಾಬಿಯ ಹಳೆಯ ಫೋನಿಗೆ ಹಾಕಿಕೊಟ್ಟ. ತಲೆ ಎತ್ತಲಿಲ್ಲ. ಪರದೆಯ ಮೇಲೆ 'ಊರು: ಸಿಂದಗಿ' ಎಂದು ಬಂತು.

"ಮಾಸ್ತರ, ಊರು ಇಂಡಿ ಮಾಡ್ರಿ."

"ಊರು ಬದಲಿ ಮಾಡೂದು ಹೆಪ್ಪಿನೊಳಗ ಬರತೈತ್ರಿ ಅಕ್ಕಾರ," ಎಂದ ಅವನು ಬಹಳ ಸಣ್ಣ ದನಿಯಲ್ಲಿ.

ಮುಬಿನಳ ಬಾಯಿಗೆ ಒಂದು ಮಾತು ಬಂದಿತ್ತು. ಆದರೆ ಜೋಹರಾಬಿ ಆಗಲೇ ಫೋನನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು, ಮಗುವಿನಂತೆ ಅದರ ಮೇಲೆ ಕೈಯಿಟ್ಟುಕೊಂಡಿದ್ದಳು. ಮುಬಿನ ನಾನಿಯ ಕೈ ಹಿಡಿದು ಬಸ್ ನಿಲ್ದಾಣದ ಕಡೆ ನಡೆದಳು. ಇಂಡಿಯ ಬಸ್ಸು ಬಂತು.

ಮುಂದಿನ ಸಲ ಸಿಂದಗಿಯಲ್ಲಿ ನೀರು ಬಂದಾಗ ಇಂಡಿಯ ನಮ್ಮ ಓಣಿಯಲ್ಲಿ ಜೋಹರಾಬಿಯ ಟಾರ್ಚು ಹೊಳೆಯಿತು. ಆಕೆ ಎದ್ದು ಕೊಡಗಳನ್ನೆಲ್ಲ ನಳದ ಮುಂದೆ ಸಾಲು ಹಚ್ಚಿದಳು. ನಳ ಒಣಗಿತ್ತು. ಅಂದು ಕ್ಲಾಸಿಗೆ ರಜೆ. ಬಾಗಿಲಲ್ಲಿ ನಿಂತಿದ್ದ ಮುಬಿನ ಒಂದು ಹೆಜ್ಜೆ ಮುಂದಿಟ್ಟಳು. ಬಂದದ್ದು ಸಿಂದಗಿಯ ನೀರೆಂದು ಹೇಳಲೇ, ಬೇಡವೇ? ಅಷ್ಟರಲ್ಲಿ ಗುಂಡವ್ವ ಹೊರಗೆ ಇಣುಕಿ, ಜೋಹರಾಬಿ ಕೊಡ ಹಚ್ಚಿದ್ದು ಕಂಡು, ತನ್ನದನ್ನೂ ಹಚ್ಚಿದಳು. ಗುಂಡವ್ವನದು ಕಂಡು ಇಡೀ ಓಣಿ ಹಚ್ಚಿತು. ಓಣಿಯ ತುದಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಪರಪ್ಪ ಕೊಡಗಳ ಸಾಲು ನೋಡಿದ.

"ಓ, ಹೊತ್ತಾತು," ಎಂದು ಹೋಗಿ ವಾಲ್ ತಿರುವಿದ.

ನೀರು ಬಂತು. ಜೋಹರಾಬಿ ಮೊದಲ ಕೊಡ ತುಂಬಿ ಸೊಂಟಕ್ಕೇರಿಸಿ ಮೊಮ್ಮಗಳ ಕಡೆ ತಿರುಗಿ, "ನೋಡಬೇ, ಇಡೀ ಓಣ್ಯಾಗ ಮೊದಲ ನನಗ ಗೊತ್ತಾತು," ಎಂದಳು. ಮುಬಿನ ಹೌದು ಎಂದು ತಲೆಯಾಡಿಸಿದಳು. ಅದು ಸುಳ್ಳೂ ಆಗಿರಲಿಲ್ಲ.

ಅಂದಿನಿಂದ ನಮ್ಮ ಓಣಿಗೆ ಸಿಂದಗಿಯ ವೇಳೆಗೆ ನೀರು ಬರುತ್ತದೆ. ಸಿಂದಗಿಯಲ್ಲಿ ಪೈಪು ಒಡೆದರೆ ನಮಗೆ ನೀರಿಲ್ಲ. ಇದರ ಬಗ್ಗೆ ಯಾರದೂ ತಕರಾರಿಲ್ಲ, ಯಾಕೆಂದರೆ ಈಗ ನೀರು ಯಾವಾಗ ಬರುತ್ತದೆ ಎಂಬುದು ಕನಿಷ್ಠ ಸಿಂದಗಿಯವರಿಗಾದರೂ ಗೊತ್ತಿರುತ್ತದೆ. ಸಮಿತಿಯ ವಾರ್ಷಿಕ ವರದಿಯಲ್ಲಿ ಈ ಸಂಗತಿಯನ್ನು 'ಮುಕ್ತ ಪರವಾನಿಗೆಯ ಮಹತ್ಸಾಧನೆ' ಎಂಬ ಶೀರ್ಷಿಕೆಯಡಿ ನಮೂದಿಸಲಾಗಿದ್ದು, ವರದಿಯು ಎಲ್ಲರ ಅವಗಾಹನೆಗಾಗಿ ಕಪಾಟಿನಲ್ಲಿದೆ.

ಮೊನ್ನೆ ಚಡಚಣದಿಂದ ಒಬ್ಬಾತ ಮುಬಿನಳ ಮನೆ ಹುಡುಕಿಕೊಂಡು ಬಂದ. ತಮ್ಮ ಊರಿಗೂ ಆ್ಯಪ್ ಬೇಕಂತೆ, ಮೂಲ ಬರಹ ಸಮೇತ. ಮುಬಿನ ಕಂಪ್ಯೂಟರ್ ಹಚ್ಚಲು ಕೈ ಚಾಚಿದಳು. ಅವಳ ಕೋಡು ಈಗಲೂ ಅವಳದೇ, ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಅದನ್ನು ಒಳಗಿನಿಂದ ಕಂಡ ಜೋಹರಾಬಿ ಕೂಗಿದಳು: "ದೀಪಾ ಹಚ್ಚೇತಿ!"

ಮುಬಿನಳ ಕೈ ಅಲ್ಲೇ ನಿಂತಿತು.

"ನಾಳಿ ಬರ್ರಿ ಅಣ್ಣಾರ," ಎಂದಳು. "ಬರುವಾಗ ಮುಚ್ಚಳದ ಡಬ್ಬಿ..."

"ತಂದೀನ್ರಿ," ಎಂದು ಆತ ಚೀಲದಿಂದ ತೊಳೆದ ಡಬ್ಬಿ ತೆಗೆದು ತೋರಿಸಿ, ವಿನಯದಿಂದ ಕಟ್ಟೆಯ ಮೇಲೆ ಕೂತ.

ಆ ಚಡಚಣದವನು ನಾನೇ. ಅಲ್ಲ, ಇದೂ ಸುಳ್ಳು. ನಾ ಎಲ್ಲಿಯ ಚಡಚಣದವನು. ಇರಲಿ ಬಿಡ್ರಿ. ಕಥಿ ಅಂತೂ ನಿಮಗ ಹೆಪ್ಪು ಕೊಟ್ಟಂಗ ಕೊಟ್ಟೀನಿ. ಒಯ್ರಿ, ಬೇಕಾದಂಗ ತಿದ್ರಿ, ಕೇಳಿದವ್ರಿಗೆ ಇಲ್ಲ ಅನಬ್ಯಾಡ್ರಿ. ಆದ್ರ ನಾ ಕುಡದ ಈ ಚಹಾ ಐತಲ್ಲ, ಅದು ಹೆಪ್ಪಿನೊಳಗ ಬರೂದಿಲ್ಲ. ಅಂಗಡ್ಯಾವ ನನ್ನ ಕಡೆನ ನೋಡಾಕತ್ತಾನ. ನೀವು ಕೊಟ್ಟು ಬಿಡ್ರಿ.